ತಾಯ್ತಂದೆಗಳ ಅನ್ಯಮನಸ್ಕತೆಯೂ ಶಿಶುವಿನ ಮಾತೂ

ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದ ಆದಿಯಲ್ಲಿ ಒದಗುವ ಅನರ್ಥಕ್ಕೆ ಕಾರಣವಾದುದು ದ್ವೇಷವಲ್ಲ, ಬೇಕೆಂದು ಮಾಡಿದ ಅನಾದರವೂ ಅಲ್ಲ, ಅನ್ಯಮನಸ್ಕತೆಯೊಂದೇ. ದುರ್ವಾಸನು ಆಶ್ರಮದ ಬಾಗಿಲಲ್ಲಿ ನಿಂತು ತನ್ನ ಬರವನ್ನು ಸಾರುತ್ತಾನೆ. ಶಕುಂತಲೆಯು ಕುಟೀರದಲ್ಲಿಯೇ ಇದ್ದಾಳೆ. ಅವಳ ಮನಸ್ಸು ಮಾತ್ರ ಹಸ್ತಿನಾಪುರಕ್ಕೆ ಹೋಗಿದೆ. ಈ ಪ್ರಸಂಗವನ್ನು ಪಾಠ ಹೇಳುವ ಅಧ್ಯಾಪಕರು ಸಾಮಾನ್ಯವಾಗಿ ಶಾಪದ ಕಡೆಗೂ ಉಂಗುರದ ಕಡೆಗೂ ಬೇಗನೆ ಸಾಗಿಬಿಡುವುದುಂಟು. ಆದರೆ ಕವಿಯು ಇರಿಸಿರುವ ಒಂದು ಸೂಕ್ಷ್ಮವು ಅಲ್ಲಿ ಲಕ್ಷ್ಯಕ್ಕೆ ಬರಬೇಕಾದುದಾಗಿದೆ. ಹತ್ತಿರವೇ ಇದ್ದವಳಿಗೆ ಕೇಳಿಸದ ಆ ಕೂಗು ಹೊರಗೆ ಹೂ ಕೊಯ್ಯುತ್ತಿದ್ದ ಸಖಿಯರಿಬ್ಬರಿಗೆ ಕೇಳಿಸಿತು. ಅವರಲ್ಲೊಬ್ಬಳು ಓಡಿಹೋಗಿ ಬೇಡಿಕೊಂಡುದರಿಂದಲೇ ಶಾಪಕ್ಕೆ ಒಂದು ಅವಧಿಯಾದರೂ ದೊರಕಿತು.

ಅಂಥದೇ ಕೂಗೊಂದು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಕೂಗುವವನು ಶಪಿಸಬಲ್ಲ ಮುನಿಯಲ್ಲ, ಎರಡು ಮೂರು ವರ್ಷದ ಮಗು. ಕೇಳಿಸಿಕೊಳ್ಳದವರು ಅದರ ತಾಯಿತಂದೆಗಳು. ಅವರ ಮನಸ್ಸನ್ನು ಸೆಳೆದಿರುವುದು ಅಂಗೈಯಲ್ಲಿರುವ ಸ್ಮಾರ್ಟ್‌ಫೋನು. ಸಖಿಯರ ಸ್ಥಾನದಲ್ಲಿರಬೇಕಾದ ಅಜ್ಜಿಯೋ ಚಿಕ್ಕಮ್ಮನೋ ಅನೇಕ ಮನೆಗಳಲ್ಲಿ ಇಲ್ಲ. ಇದ್ದಲ್ಲಿಯೂ ಅವರ ಕೈಗೆ ಅವರದೇ ಒಂದು ಫೋನು ಬಂದಿದೆ.

ಮಕ್ಕಳು ಮೊಬೈಲು ನೋಡುವುದರ ವಿಷಯವಾಗಿ ಚರ್ಚೆಯು ಸಾಕಷ್ಟು ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿ ಇಂಥ ವ್ಯಸನಗಳಿಗೆಂದೇ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಿ ಪರದೆಯ ಸಹವಾಸ ಕೂಡದೆಂದೂ, ಒಂದು ವರ್ಷದೊಳಗಿನ ಶಿಶುವಿಗೆ ಅದು ಬೇಡವೇ ಬೇಡವೆಂದೂ ವಿಧಿಸಿತು. ಈ ವಿಧಿನಿಷೇಧಗಳೆಲ್ಲ ಮಗುವಿನ ಕೈಯಲ್ಲಿರುವ ಯಂತ್ರವನ್ನು ಕುರಿತವು. ದೊಡ್ಡವರ ಕೈಯಲ್ಲಿರುವ ಯಂತ್ರವು ಮಗುವಿಗೆ ಏನು ಮಾಡುತ್ತದೆಂಬುದು ಬೇರೆಯ ಪ್ರಶ್ನೆ. ಇದು ಆರೋಗ್ಯಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದುದೋ ಭಾಷೆಯನ್ನೂ ಸಾಹಿತ್ಯವನ್ನೂ ಬೋಧಿಸುವವರಿಗೆ ಅಷ್ಟೇ ಸಂಬಂಧಿಸಿದುದು. ಏಕೆಂದರೆ ಮಗುವಿನ ಮೊದಲ ಪಾಠಶಾಲೆಯು ತಾಯಿಯ ಮುಖವೇ ಆಗಿದೆ.

ಪರಿಭಾಷೆಯ ಬಗ್ಗೆ ಒಂದು ಮಾತು ಇಲ್ಲಿ ಅಪ್ರಸಕ್ತವಾಗಲಾರದು. ಎದುರಿಗಿದ್ದವರನ್ನು ಬಿಟ್ಟು ಫೋನನ್ನೇ ನೋಡುತ್ತಿರುವುದಕ್ಕೆ 'ಫಬಿಂಗ್' ಎಂಬ ಹೆಸರನ್ನು ೨೦೧೨ರಲ್ಲಿ ಆಸ್ಟ್ರೇಲಿಯಾದಲ್ಲಿ ಕಟ್ಟಿದರು. ಕುಟುಂಬದ ಮಾತುಕತೆಯ ನಡುವೆ ಯಂತ್ರವು ಬಂದು ಅದನ್ನು ಕಡಿಯುವುದಕ್ಕೆ ಅಮೆರಿಕೆಯ ವಿದ್ವಾಂಸನಾದ ಬ್ರ್ಯಾಂಡನ್ ಮೆಕ್‌ಡೇನಿಯಲನು 'ಟೆಕ್ನೋಫರೆನ್ಸ್' ಎಂಬ ಶಬ್ದವನ್ನು ಬಳಕೆಗೆ ತಂದನು. ಕನ್ನಡಕ್ಕೆ ಇವೆರಡನ್ನೂ ಎರವಲು ತರಬೇಕಾದ ಅವಶ್ಯವು ಕಾಣದು. 'ಅನ್ಯಮನಸ್ಕತೆ' ಎಂಬ ಹಳೆಯ ಮಾತಿನಲ್ಲಿಯೇ ಅರ್ಥವು ಪೂರ್ಣವಾಗಿದೆ. ಯಂತ್ರದ ಹೆಸರಿನ ಕತೆ ಇದಕ್ಕೆ ವಿರುದ್ಧವಾದುದು. 'ಜಂಗಮವಾಣಿ', 'ಚರವಾಣಿ' ಎಂದು ಪಂಡಿತರು ಚೆಂದವಾಗಿಯೇ ಶಬ್ದಗಳನ್ನು ಕಟ್ಟಿಕೊಟ್ಟರು. ಜನರು ಅವನ್ನು ವಂದಿಸಿ ಬದಿಗಿಟ್ಟು 'ಮೊಬೈಲು' ಎಂದರು. ಆದರೂ ಜಂಗಮ ಎಂಬ ವಿಶೇಷಣದಲ್ಲಿ ಒಂದು ಸ್ವಾರಸ್ಯವಿಲ್ಲದಿಲ್ಲ. ನಡುಮನೆಯ ಸ್ಟೂಲಿನ ಮೇಲೆ ಕುಳಿತಿದ್ದ ಹಿಂದಿನ ಟೆಲಿಫೋನು ಸ್ಥಾವರವಾಗಿತ್ತು. ಅದು ಗಂಟೆ ಬಾರಿಸಿದರೆ ಮನೆಗೆಲ್ಲ ತಿಳಿಯುತ್ತಿತ್ತು. ತಂದೆಯು ಅದರಲ್ಲಿ ಆಡಿದ ಮಾತು ಮಗುವಿನ ಕಿವಿಗೂ ಬೀಳುತ್ತಿತ್ತು. ಅತ್ತ ಮಾತನಾಡುತ್ತಿರುವವನು ಸೋದರಮಾವನೋ ಸಾಹುಕಾರನೋ ಎಂಬುದನ್ನು ಮಗುವು ತಂದೆಯ ಧ್ವನಿಯಿಂದಲೇ ಊಹಿಸುತ್ತಿತ್ತು. ಜಂಗಮವಾದ ಮೊಬೈಲಿನಲ್ಲಿ ಇದಾವುದೂ ಇಲ್ಲ. ಅದನ್ನು ಹಿಡಿದವನು ಕರೆಂಟು ಬಿಲ್ಲನ್ನು ಕಟ್ಟುತ್ತಿದ್ದಾನೆಯೋ, ವರ್ತಮಾನವನ್ನು ಓದುತ್ತಿದ್ದಾನೆಯೋ, ಆಟವಾಡುತ್ತಿದ್ದಾನೆಯೋ ಎಂಬುದು ಪಕ್ಕದಲ್ಲಿ ಕುಳಿತವರಿಗೂ ಅಗೋಚರ. ತಗ್ಗಿಸಿದ ಒಂದು ತಲೆ, ಚಲಿಸುವ ಒಂದು ಹೆಬ್ಬೆರಳು, ಇಷ್ಟು ಮಾತ್ರ ಮಗುವಿಗೆ ಪ್ರತ್ಯಕ್ಷ.

ದಾವಣಗೆರೆ ಹರಿಹರಗಳ ಉದಾಹರಣೆಯಿಂದ ಈ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು ೧೪ ಕಿಲೋಮೀಟರಿನ ಅಂತರದಲ್ಲಿರುವ ಈ ಎರಡು ಊರುಗಳೂ ದುಡಿಮೆಯ ಊರುಗಳು. ಹತ್ತಿಗಿರಣಿಗಳ ದೆಸೆಯಿಂದ ದಾವಣಗೆರೆಯು ಒಂದು ಕಾಲಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಖ್ಯಾತವಾಗಿತ್ತು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತು ಯಂತ್ರಗಳನ್ನು ತಯಾರಿಸುತ್ತಿತ್ತು. ಗಿರಣಿಗಳು ಒಂದೊಂದಾಗಿ ನಿಂತುಹೋದವು, ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ವಿದ್ಯಾಸಂಸ್ಥೆಗಳೂ ಆಸ್ಪತ್ರೆಗಳೂ ವ್ಯಾಪಾರವೂ ಈಗ ಊರನ್ನು ನಡೆಸುತ್ತಿವೆ. ಆ ಹಳೆಯ ದಿನಗಳಲ್ಲಿ ತಂದೆಯು ಪಾಳಿಯ ಮೇಲೆ ಹೋಗಿ ಎಂಟು ಗಂಟೆಗಳ ಕಾಲ ಮನೆಯಲ್ಲಿ ಇರುತ್ತಿರಲಿಲ್ಲ. ರಾತ್ರಿಪಾಳಿಯವನಾದರೆ ಮಗುವಿಗೆ ಅವನ ಮುಖದರ್ಶನವೇ ಅಪರೂಪ. ಆ ಕಾಲವು ಮಕ್ಕಳಿಗೆ ಸುಖದ ಕಾಲವಾಗಿತ್ತೆಂದು ಹೇಳುವುದು ಸುಳ್ಳಾದೀತು. ಆದರೆ ಆ ಅಭಾವಕ್ಕೆ ಒಂದು ಮೇರೆಯಿತ್ತು. ಸೈರನ್ನು ಕೂಗಿದರೆ ತಂದೆ ಹೋದನು, ಮತ್ತೆ ಕೂಗಿದರೆ ಬಂದನು. ಹೋದುದೂ ಬಂದುದೂ ಮಗುವಿನ ಬುದ್ಧಿಗೆ ನಿಲುಕುತ್ತಿದ್ದವು. ಮೊಬೈಲು ಹಿಡಿದ ತಂದೆಯು ಬಂದಿದ್ದಾನೆಯೋ ಹೋಗಿದ್ದಾನೆಯೋ ಎಂಬುದು ಹಾಗೆ ನಿಲುಕುವುದಲ್ಲ. ಅವನು ಇದ್ದಾನೆ, ಇಲ್ಲ. ಒಂದು ಗಂಟೆಯಲ್ಲಿ ಹತ್ತು ಸಲ ಹೋಗಿ ಹತ್ತು ಸಲ ಬರುತ್ತಾನೆ, ಬಾಗಿಲು ಮಾತ್ರ ಒಮ್ಮೆಯೂ ಸಪ್ಪಳವಾಗುವುದಿಲ್ಲ.

ತಾಯಂದಿರ ವಿಷಯದಲ್ಲಿಯೂ ಹೀಗೆಯೇ. ಈ ಊರುಗಳ ಬಡವರ ಕೇರಿಗಳಲ್ಲಿ ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟಿ ಸಂಸಾರ ನಡೆಸಿದ ಹೆಂಗಸರಿದ್ದಾರೆ. ಆ ಕೆಲಸವು ಮೈಗೆ ಕೇಡು, ಕೂಲಿಯೂ ಅಲ್ಪ; ಹೊಗಳಬೇಕಾದ ಕೆಲಸವಲ್ಲ. ಆದರೆ ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುವ ತಾಯಿಯ ಕೈಗೆ ಬಿಡುವಿಲ್ಲದಿದ್ದರೂ ಕಣ್ಣು ಕಿವಿ ನಾಲಗೆಗಳು ಬಹುಮಟ್ಟಿಗೆ ಸ್ವತಂತ್ರವಾಗಿರುತ್ತವೆ. ಅಭ್ಯಾಸವಾದ ಬೆರಳು ತಾನೇ ಸುತ್ತುತ್ತದೆ, ಅವಳು ಮಗುವಿನೊಡನೆ ಮಾತನಾಡುತ್ತಲೇ ಇರಬಲ್ಲಳು. ರೊಟ್ಟಿ ಬಡಿಯುವಾಗಲೂ ಮಂಡಕ್ಕಿ ಕೇರುವಾಗಲೂ ಅಷ್ಟೇ. ಮೊಬೈಲು ಇದಕ್ಕೆ ತೀರ ವಿಪರೀತವಾದುದು. ಅದಕ್ಕೆ ಬೇಕಾಗಿರುವುದು ಒಂದು ಬೆರಳು. ಅದು ಒಯ್ಯುವುದು ಕಣ್ಣನ್ನೂ ಕಿವಿಯನ್ನೂ ಮರುನುಡಿಯನ್ನೂ. ಆದುದರಿಂದ 'ಹಿಂದಿನ ತಾಯಂದಿರಿಗೂ ಕೆಲಸವಿರಲಿಲ್ಲವೇ?' ಎಂಬ ಆಕ್ಷೇಪವು ಸಾಮಾನ್ಯವಾಗಿ ಕೇಳಿಬಂದರೂ ಉಪಪನ್ನವಾಗುವುದಿಲ್ಲ.

ಎರಡನ್ನೂ ಒಮ್ಮೆಗೇ ಮಾಡಬಹುದೆಂಬ ವಾದವೂ ಉಂಟು. ಮನಸ್ಸು ಅಣುಪರಿಮಾಣವುಳ್ಳದ್ದು, ಆದುದರಿಂದ ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವು ಎಂಬುದು ನ್ಯಾಯಶಾಸ್ತ್ರದ ಸಿದ್ಧಾಂತ. ಈಗಿನ ಮನಶ್ಶಾಸ್ತ್ರಜ್ಞರೂ, ಲಕ್ಷ್ಯವನ್ನು ಬೇಡುವ ಎರಡು ಕೆಲಸಗಳನ್ನು ಒಮ್ಮೆಗೇ ಮಾಡುತ್ತಿರುವೆನೆಂದುಕೊಳ್ಳುವವನು ವಸ್ತುತಃ ಒಂದರಿಂದ ಮತ್ತೊಂದಕ್ಕೆ ಹಾರುತ್ತಿರುತ್ತಾನೆಂದೂ, ಪ್ರತಿ ಹಾರಾಟದಲ್ಲಿಯೂ ಸ್ವಲ್ಪ ಕಳೆದುಕೊಳ್ಳುತ್ತಾನೆಂದೂ ಹೇಳುತ್ತಾರೆ. ಅಷ್ಟಾವಧಾನಿಗಳು ಇದಕ್ಕೆ ಅಪವಾದವೆಂದು ಯಾರಾದರೂ ಹೇಳಿದರೆ, ಅವಧಾನಿಯೂ ಪೃಚ್ಛಕರಿಗೆ ಸರದಿಯಂತೆಯೇ ಉತ್ತರ ಕೊಡುತ್ತಾನೆಂಬುದನ್ನು ನೆನೆಯಬೇಕು. ಅವನ ಹಿರಿಮೆಯಿರುವುದು ಬಿಟ್ಟಲ್ಲಿಗೇ ಮರಳಿ ಬರುವುದರಲ್ಲಿ. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ಸುಮಾರು ೧೨೨೪ರಲ್ಲಿ ಕಟ್ಟಿಸಿದ ದೇವಾಲಯದ ಮೂರ್ತಿಯು ಅರ್ಧ ಹರಿ, ಅರ್ಧ ಹರ. ಆದರೆ ಅಲ್ಲಿಯೂ ಎರಡು ಅರ್ಧಗಳು ಭಕ್ತನ ಕಡೆಗೇ ಮುಖ ಮಾಡಿವೆ.

ಇನ್ನು ಮಾತಿನ ವಿಷಯ. ಶಿಶುವು ಶಬ್ದಾರ್ಥಸಂಬಂಧವನ್ನು ತಿಳಿಯುವ ಬಗೆಯನ್ನು ಮೀಮಾಂಸಕರು 'ವೃದ್ಧವ್ಯವಹಾರ' ಎಂಬ ಹೆಸರಿನಿಂದ ವಿವರಿಸಿದ್ದಾರೆ. ಹಿರಿಯನೊಬ್ಬನು 'ಹಸುವನ್ನು ತಾ' ಎನ್ನುತ್ತಾನೆ, ಮತ್ತೊಬ್ಬನು ತರುತ್ತಾನೆ. ಬಳಿಕ 'ಹಸುವನ್ನು ಕಟ್ಟು, ಕುದುರೆಯನ್ನು ತಾ' ಎನ್ನುತ್ತಾನೆ. ಪಕ್ಕದಲ್ಲಿ ಕುಳಿತ ಬಾಲಕನು ಯಾವ ಶಬ್ದವು ಬಂದಾಗ ಯಾವ ಕ್ರಿಯೆ ನಡೆಯಿತು, ಯಾವುದು ಹೋದಾಗ ಯಾವುದು ಬದಲಾಯಿತು ಎಂಬುದನ್ನು ನೋಡಿ ನೋಡಿ ಪದಗಳ ಅರ್ಥವನ್ನು ಬೇರ್ಪಡಿಸಿಕೊಳ್ಳುತ್ತಾನೆ. ಯಾರೂ ಅವನಿಗೆ ಕಲಿಸಲಿಲ್ಲ. ದೊಡ್ಡವರ ವ್ಯವಹಾರವು ಅವನ ಕಣ್ಣೆದುರಿಗೆ, ಕೇಳುವಂತೆ ನಡೆಯಿತು, ಅಷ್ಟೇ. ಈ ಪ್ರಾಚೀನ ಪ್ರಕ್ರಿಯೆಗೆ ಈಗ ಒದಗಿರುವ ವಿಘ್ನವನ್ನು ಪರ್ಯಾಲೋಚಿಸಿದರೆ ಆಶ್ಚರ್ಯವಾಗುತ್ತದೆ. ಅಂಗಡಿಗೆ ಅಕ್ಕಿ ಬೇಳೆಯ ಪಟ್ಟಿಯು ಬೆರಳಿನಿಂದ ಹೋಗುತ್ತದೆ. ಹಾಲಿನವನಿಗೆ ಹಣವು ಬೆರಳಿನಿಂದ ಸಂದಾಯವಾಗುತ್ತದೆ. ಆಟೋ ಬೆರಳಿನ ಕರೆಗೆ ಬರುತ್ತದೆ, 'ಎಷ್ಟು ತಗೋತೀಯಪ್ಪಾ?' ಎಂಬ ಚೌಕಾಸಿ ಮಗುವಿಗೆ ಕೇಳುವುದಿಲ್ಲ. ಗಂಡ ಹೆಂಡಿರು ಒಂದೇ ಮನೆಯ ಎರಡು ಕೋಣೆಗಳಿಂದ ಸಂದೇಶ ಬರೆದುಕೊಳ್ಳುತ್ತಾರೆ. 'ಹಸುವನ್ನು ತಾ' ಎಂಬ ಆಜ್ಞೆಯೂ ಹಸುವು ಬಂದುದೂ ಎರಡೂ ನಡೆದಿವೆ. ಆದರೆ ಆಜ್ಞೆಯು ಮೂಕವಾಗಿದೆ. ವ್ಯವಹಾರವು ಲುಪ್ತವಾಗಿಲ್ಲ, ಅದು ಶಿಶುವಿನ ಶ್ರವಣದಿಂದ ಹೊರಗೆ ಸರಿದಿದೆ.

ನೋಡಿ ಕಲಿಯುವುದು ಒಂದು ಬಗೆ. ಮರುನುಡಿಯಿಂದ ಕಲಿಯುವುದು ಇನ್ನೊಂದು. ಈ ಎರಡನೆಯದರ ಮೇಲೆ ಪಾಶ್ಚಾತ್ಯರು ನಡೆಸಿರುವ ಪ್ರಯೋಗಗಳು ಮನನಯೋಗ್ಯವಾಗಿವೆ. ಅಮೆರಿಕೆಯ ಎಡ್ವರ್ಡ್ ಟ್ರಾನಿಕನೂ ಸಹೋದ್ಯೋಗಿಗಳೂ ೧೯೭೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಿಶುವಿನೊಡನೆ ನಗುತ್ತ ಆಡುತ್ತಿದ್ದ ತಾಯಿಯು ಕೆಲವು ನಿಮಿಷಗಳ ಕಾಲ ಮುಖವನ್ನು ನಿರ್ವಿಕಾರವಾಗಿ ಇರಿಸಿಕೊಳ್ಳುತ್ತಾಳೆ. ಅವಳು ಎದ್ದು ಹೋಗುವುದಿಲ್ಲ, ಗದರಿಸುವುದಿಲ್ಲ. ಉತ್ತರ ಕೊಡುವುದಿಲ್ಲ, ಅಷ್ಟೇ. ಶಿಶುವು ಮೊದಲು ನಕ್ಕು ಅವಳನ್ನು ಕರೆಯಲು ಯತ್ನಿಸುತ್ತದೆ. ಮತ್ತೆ ಮತ್ತೆ ಯತ್ನಿಸುತ್ತದೆ. ಕಡೆಗೆ ಮುಖವನ್ನು ತಿರುಗಿಸಿಕೊಂಡು ಕುಗ್ಗುತ್ತದೆ. ಆಗ ಮೊಬೈಲಿನ ಸುಳಿವೇ ಇರಲಿಲ್ಲ. ಪರದೆಯನ್ನು ನೋಡುವವನ ಮುಖವನ್ನು ಎದುರಿನಿಂದ ಗಮನಿಸಿದವರಿಗೆ ಆ ನಿರ್ವಿಕಾರವು ಪರಿಚಿತವೇ ಆಗಿದೆ. ೨೦೧೮ರಲ್ಲಿ ಇದೇ ಪ್ರಯೋಗವನ್ನು ತಾಯಿಯ ಕೈಗೆ ಫೋನು ಕೊಟ್ಟು ನಡೆಸಿದಾಗಲೂ ಶಿಶುಗಳು ತದ್ವತ್ತಾಗಿ ವ್ಯಾಕುಲಗೊಂಡವು.

೨೦೧೭ರಲ್ಲಿ ರೀಡ್, ಹರ್ಷ್-ಪಾಸೆಕ್, ಗಾಲಿಂಕಾಫ್ ಎಂಬ ವಿದುಷಿಯರು ೩೮ ತಾಯಂದಿರಿಂದ ಅವರ ಎರಡು ವರ್ಷದ ಮಕ್ಕಳಿಗೆ ಎರಡು ಹೊಸ ಶಬ್ದಗಳನ್ನು ಕಲಿಸಿದರು. ಒಂದು ಶಬ್ದದ ಪಾಠದ ನಡುವೆ ತಾಯಿಗೆ ಫೋನು ಬಂದಿತು. ಮತ್ತೊಂದರ ಪಾಠಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿಯಿಲ್ಲದ ಶಬ್ದವನ್ನು ಮಕ್ಕಳು ಕಲಿತರು, ಅಡ್ಡಿಯಾದುದನ್ನು ಕಲಿಯಲಿಲ್ಲ. ಎರಡು ಶಬ್ದಗಳೂ ಅವರ ಕಿವಿಗೆ ಬಿದ್ದುದು ಸಮನಾಗಿಯೇ. ಕಡಿದುಹೋದುದು ಪಾಠದ ಎಳೆ. ೨೦೧೮ರಲ್ಲಿ ನಾಲ್ಕರಿಂದ ಆರು ವರ್ಷದ ೩೬ ಮಕ್ಕಳ ಮೇಲೆ ನಡೆದ ಮತ್ತೊಂದು ಶೋಧನೆಯಲ್ಲಿ, ಮನೆಯಲ್ಲಿ ಮಗುವಿನ ಕಿವಿಗೆ ಬಿದ್ದ ಶಬ್ದಗಳ ಸಂಖ್ಯೆಗಿಂತ ಮಗುವೂ ದೊಡ್ಡವರೂ ಸರದಿಯಂತೆ ಆಡಿದ ಮಾತುಗಳ ಸಂಖ್ಯೆಯೇ ಮಿದುಳಿನ ಭಾಷಾಭಾಗದ ಚಟುವಟಿಕೆಯೊಡನೆ ಹೆಚ್ಚಾಗಿ ಹೊಂದಿಕೊಂಡಿತು. ಮಗುವಿಗೆ ಬೇಕಾದುದು ಪ್ರವಚನವಲ್ಲ, ಸಂವಾದ.

ಕನ್ನಡನಾಡಿನ ಕತೆಗಾರ ಅಜ್ಜಿಯರಿಗೆ ಇದು ತಿಳಿದಿತ್ತು. ಕತೆ ಹೇಳುವಾಗ ಕೇಳುವವನು 'ಹೂಂ'ಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಕತೆಯೂ ನಿಲ್ಲುತ್ತದೆ. ಕೇಳುಗನ ಆ ಒಂದಕ್ಷರವು ಕತೆಯ ಅರ್ಧಭಾಗ. ಈಗ ಪಾತ್ರಗಳು ಬದಲಾಗಿವೆ: ಕತೆ ಹೇಳುವುದು ಶಾಲೆಯಿಂದ ಬಂದ ಮಗು, ಹೂಂಗುಟ್ಟುವುದು ತಂದೆ. ಆದರೆ ಇದು ಆ ಹಳೆಯ ಹೂಂಕಾರವಲ್ಲ. ಹಳೆಯದು ಕತೆಯ ಏರಿಳಿತದೊಡನೆ ತಾನೂ ಏರಿಳಿಯುತ್ತಿತ್ತು. ರಾಕ್ಷಸನು ಬಂದಾಗ ಒಂದು ಬಗೆ, ರಾಜಕುಮಾರನು ಗೆದ್ದಾಗ ಒಂದು ಬಗೆ. ಈಗಿನದು ಒಂದೇ ಶ್ರುತಿಯಲ್ಲಿ, ಒಂದು ಕ್ಷಣ ತಡವಾಗಿ ಬರುತ್ತದೆ. ಇದನ್ನು ಮಕ್ಕಳು ಬೇಗನೆ ಕಂಡುಹಿಡಿಯುತ್ತಾರೆ. 'ಅಪ್ಪಾ, ಇವತ್ತು ಇಸ್ಕೂಲಿಗೆ ಆನೆ ಬಂದಿತ್ತು' ಎಂದು ಸುಳ್ಳು ಹೇಳಿ ನೋಡುವ ಮಗುವು ಅದಕ್ಕೂ 'ಹೂಂ' ಎಂಬ ಉತ್ತರವನ್ನು ಪಡೆದರೆ ತನಗೆ ಬೇಕಾದ ಪ್ರಮಾಣವನ್ನು ಪಡೆದಂತಾಯಿತು. ಅಲ್ಲಿಂದ ಮುಂದೆ ಎರಡು ದಾರಿಗಳಿವೆ. ಕೆಲವು ಮಕ್ಕಳು ಗಲಾಟೆಯನ್ನು ಹೆಚ್ಚಿಸುತ್ತಾರೆ. ಕೆಲವರು ಹೇಳುವುದನ್ನೇ ಬಿಡುತ್ತಾರೆ. ಎರಡನೆಯವರನ್ನು 'ಬಹಳ ಶಾಂತವಾದ ಮಗು' ಎಂದು ಹೊಗಳುವ ರೂಢಿಯಿದೆ.

ಗಲಾಟೆಯ ದಾರಿಯ ಬಗ್ಗೆ ಒಂದು ನಿದರ್ಶನ: ಜೆನ್ನಿ ರಾಡೆಸ್ಕಿ ಎಂಬ ವೈದ್ಯೆಯೂ ಜೊತೆಗಾರರೂ ಬಾಸ್ಟನ್ ನಗರದ ಉಪಾಹಾರಗೃಹಗಳಲ್ಲಿ ಮಕ್ಕಳೊಡನೆ ಊಟಕ್ಕೆ ಬಂದ ೫೫ ಮಂದಿ ದೊಡ್ಡವರನ್ನು ಗಮನಿಸಿ ೨೦೧೪ರಲ್ಲಿ ವರದಿ ಮಾಡಿದರು. ಅವರಲ್ಲಿ ೪೦ ಮಂದಿ ಊಟದ ನಡುವೆ ಮೊಬೈಲು ಬಳಸಿದರು. ಅದರಲ್ಲಿ ತೀರ ಮಗ್ನರಾದವರು, ಮಗುವು ಲಕ್ಷ್ಯವನ್ನು ಸೆಳೆಯಲು ಚೇಷ್ಟೆ ಮಾಡಿದಾಗ, ಕಠೋರವಾಗಿ ಗದರಿಸುವುದು ಕಂಡುಬಂದಿತು. ದಾವಣಗೆರೆಯ ಬೆಣ್ಣೆದೋಸೆಯ ಹೋಟೆಲುಗಳಲ್ಲಿ ದೋಸೆ ಬರುವವರೆಗೆ ಕಾಯುವ ಕುಟುಂಬಗಳನ್ನು ನೋಡಿದವರು ಬಾಸ್ಟನ್ನಿಗೆ ಹೋಗಬೇಕಾಗಿಲ್ಲ. ಆ ಕಾಯುವಿಕೆಯೇ ಮೊದಲು ಮಾತಿನ ಸಮಯವಾಗಿತ್ತು: ಕಾವಲಿಯ ಮೇಲೆ ಬೆಣ್ಣೆ ಕರಗುವುದನ್ನು ತೋರಿಸುವುದು, ದೋಸೆಗಳನ್ನು ಎಣಿಸುವುದು. ಕೈತುತ್ತಿನ ವೇಳೆಯೂ ಹಾಗೆಯೇ. ಕಾಗೆಯನ್ನೂ ಚಂದಮಾಮನನ್ನೂ ತೋರಿಸುತ್ತ 'ಬೂವ' ಉಣ್ಣಿಸುತ್ತಿದ್ದಾಗ ತೋರಿಸುವ ಬೆರಳೂ ನೋಡುವ ಕಣ್ಣೂ ಒಂದೇ ವಸ್ತುವಿನಲ್ಲಿ ಸೇರುತ್ತಿದ್ದವು. ಈಗ ಮಗುವಿನ ಮುಂದೆ ಒಂದು ಪರದೆ, ತಾಯಿಯ ಮುಂದೆ ಮತ್ತೊಂದು. ತುತ್ತು ಮಾತ್ರ ನಡುವೆ ಸಂಚರಿಸುತ್ತದೆ.

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವನ್ನೂ ನ್ಯಾಯವಾಗಿ ನೋಡಬೇಕಾಗಿದೆ. ಫೋನು ಬರಿಯ ವಿನೋದವಲ್ಲ. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಆರಂಭವಾಗಿ ಅಂತರ್ಜಾಲದ ಬೆಲೆ ಕುಸಿದ ಮೇಲೆ ಅದು ಬಡವರ ಮನೆಗೂ ಬಂದಿತು. ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಶಾಲೆಯಾಯಿತು. ಆಟೋದವನ ಬಾಡಿಗೆ, ದಲಾಲಿಯ ಮೆಕ್ಕೆಜೋಳದ ಧಾರಣೆ, ಮೇಷ್ಟರ ಹಾಜರಿ ಎಲ್ಲವೂ ಅದರಲ್ಲಿಯೇ. ಅಂಗನವಾಡಿಯ ಕಾರ್ಯಕರ್ತೆಯ ಉದಾಹರಣೆಯಂತೂ ವಿಚಿತ್ರವಾಗಿದೆ: ಶಿಶುಗಳ ಮೇಲೆ ಕಣ್ಣಿಡುವುದೇ ಅವಳ ಉದ್ಯೋಗ, ೨೦೨೧ರಿಂದ ಆ ಶಿಶುಗಳ ತೂಕವನ್ನೂ ಎತ್ತರವನ್ನೂ ಹಾಜರಿಯನ್ನೂ 'ಪೋಷಣ್ ಟ್ರ್ಯಾಕರ್' ಎಂಬ ತಂತ್ರಾಂಶಕ್ಕೆ ತುಂಬುವ ಸಲುವಾಗಿ ಅವಳು ಕಣ್ಣನ್ನು ಅವುಗಳ ಮೇಲಿನಿಂದ ತೆಗೆಯಬೇಕಾಗಿ ಬಂದಿದೆ. ಆದುದರಿಂದ ದೋಷವನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ಅನ್ಯಾಯ. ಪ್ರಯೋಗಗಳಿಗೆ ಬಹುಮಟ್ಟಿಗೆ ತಾಯಂದಿರನ್ನೇ ಕರೆದಿರುವುದು ಪ್ರಯೋಗಕರ್ತರ ಸೌಕರ್ಯಕ್ಕೆ, ತಂದೆಯರು ನಿರ್ದೋಷಿಗಳೆಂಬ ಕಾರಣಕ್ಕಲ್ಲ. ಇದಲ್ಲದೆ ಕಾರ್ಯಕಾರಣಭಾವವು ಒಮ್ಮುಖವಾದುದೂ ಅಲ್ಲ. ಮೆಕ್‌ಡೇನಿಯಲನೂ ರಾಡೆಸ್ಕಿಯೂ ಕೂಡಿ ೨೦೧೮ರಲ್ಲಿ ತೋರಿಸಿದಂತೆ, ಹಟಮಾರಿ ಮಗುವಿನಿಂದ ಬಳಲಿದ ತಾಯ್ತಂದೆಗಳು ಫೋನಿನಲ್ಲಿ ಆಶ್ರಯ ಪಡೆಯುತ್ತಾರೆ, ಆ ಆಶ್ರಯದಿಂದ ಮಗುವಿನ ಹಟವು ಹೆಚ್ಚುತ್ತದೆ, ಬೀಜವೃಕ್ಷನ್ಯಾಯ.

ಯಂತ್ರವೇ ದುಷ್ಟವೆಂಬ ಪಕ್ಷವೂ ನಿಲ್ಲದು. ರೋಸ್‌ಬೆರಿ ಮೊದಲಾದವರು ೨೦೧೪ರಲ್ಲಿ ೨೪ರಿಂದ ೩೦ ತಿಂಗಳಿನ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ಬಗೆಯಲ್ಲಿ ಕಲಿಸಿ ನೋಡಿದರು: ಎದುರು ಕುಳಿತು, ವಿಡಿಯೋ ಕರೆಯಲ್ಲಿ, ಮುದ್ರಿತ ವಿಡಿಯೋದಲ್ಲಿ. ಮೊದಲಿನ ಎರಡರಿಂದ ಮಕ್ಕಳು ಕಲಿತರು, ಮೂರನೆಯದರಿಂದ ಕಲಿಯಲಿಲ್ಲ. ಪರದೆಯ ಮೇಲಿನ ಮುಖವಾದರೂ ಮಗುವಿನ ಮಾತಿಗೆ ಮರುನುಡಿದರೆ ಅದು ಮುಖವೇ. ಬೆಂಗಳೂರಿಗೆ ದುಡಿಯಲು ಹೋದ ತಂದೆಯು ರಾತ್ರಿ ಹರಿಹರದ ಮಗುವಿನೊಡನೆ ಫೋನಿನಲ್ಲಿ ಹರಟುವುದು ಸನ್ನಿಧಾನ. ಪಕ್ಕದಲ್ಲಿಯೇ ಕುಳಿತ ತಂದೆಯ ಏಕಶ್ರುತಿಯ ಹೂಂಕಾರವು ಪ್ರವಾಸ.

ಮಕ್ಕಳು ಬೆಳೆದ ಮೇಲೆ ಇದು ಸಂಬಂಧದ ಪ್ರಶ್ನೆಯಾಗುತ್ತದೆ. ಅಮೆರಿಕೆಯ ಪ್ಯೂ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ೧೩ರಿಂದ ೧೭ ವರ್ಷದವರಲ್ಲಿ ಶೇಕಡ ೪೬ ಮಂದಿ, ತಾವು ಮಾತನಾಡಲು ಹೋದಾಗ ತಾಯ್ತಂದೆಗಳ ಲಕ್ಷ್ಯವು ಕೆಲವು ವೇಳೆಯಾದರೂ ಫೋನಿನಲ್ಲಿರುತ್ತದೆಂದರು. ತಮ್ಮನ್ನು ಕುರಿತು ಹಾಗೆಂದು ಒಪ್ಪಿದ ತಾಯ್ತಂದೆಗಳು ಶೇಕಡ ೩೧. ಅನ್ಯಮನಸ್ಕನಿಗೆ ತನ್ನ ಅನ್ಯಮನಸ್ಕತೆಯು ಗೋಚರವಾಗದಿರುವುದು ಸಹಜವೇ. ಶಕುಂತಲೆಗೂ ತಾನು ಶಪ್ತಳಾದುದು ತಿಳಿಯಲಿಲ್ಲ.

ಪರಿಹಾರಕ್ಕಾಗಿ ಕೆಲವು ಊರುಗಳು ಸಾಮುದಾಯಿಕವಾಗಿ ಯತ್ನಿಸಿವೆ. ೨೦೨೨ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದಲ್ಲಿ ಸಂಜೆ ೭ ಗಂಟೆಗೆ ಸೈರನ್ನು ಕೂಗಿಸಿ, ಒಂದೂವರೆ ಗಂಟೆಯ ಕಾಲ ಫೋನು ಟೀವಿಗಳನ್ನು ಆರಿಸುವ ಕಟ್ಟಳೆಯನ್ನು ಮಾಡಿದರು. ೨೦೨೪ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿಯ ಹಲಗಾ ಗ್ರಾಮದವರು ಸಂಜೆ ೭ರಿಂದ ೯ರ ವರೆಗೆ ಇದೇ ಕಟ್ಟಳೆಯನ್ನು ತಂದರು. ಮಕ್ಕಳು ಓದಲೆಂಬುದು ಅದರ ಮೂಲೋದ್ದೇಶವಾದರೂ ಅದು ದೊಡ್ಡವರನ್ನೂ ಕಟ್ಟುತ್ತದೆಂಬುದೇ ಅದರ ವಿಶೇಷ. ಗಿರಣಿಯ ಸೈರನ್ನು ತಂದೆಯನ್ನು ಮನೆಯಿಂದ ಕರೆದೊಯ್ಯುತ್ತಿತ್ತು. ಈ ಸೈರನ್ನು ಮನೆಯಲ್ಲಿರುವವನನ್ನು ಮನೆಗೆ ಕರೆಯುತ್ತದೆ. ದಾವಣಗೆರೆಯಂಥ ನಗರದಲ್ಲಿ ಊರಿಗೆಲ್ಲ ಒಂದು ಸೈರನ್ನು ಸಾಧ್ಯವಾಗಲಾರದು.

ಆದರೂ ನಿರಾಶೆಗೆ ಕಾರಣವಿಲ್ಲವೆಂಬುದು ಟ್ರಾನಿಕನ ಮುಂದಿನ ಶೋಧನೆಗಳಿಂದಲೇ ತಿಳಿದುಬರುತ್ತದೆ. ಯಾವ ದೋಷವೂ ಇಲ್ಲದ ತಾಯಿ ಮಕ್ಕಳಲ್ಲಿಯೂ ಇಬ್ಬರ ಭಾವಗಳು ಸರಿಯಾಗಿ ಹೊಂದಿಕೊಂಡಿರುವುದು ಸುಮಾರು ಮೂರನೆಯ ಒಂದು ಪಾಲಿನ ಕಾಲ ಮಾತ್ರ. ಉಳಿದ ಕಾಲವೆಲ್ಲ ತಪ್ಪುವುದೂ ಮರಳಿ ಕೂಡುವುದೂ ನಡೆದೇ ಇರುತ್ತದೆ. ಹಾಗೆ ಮರಳಿ ಕೂಡುವುದರಿಂದಲೇ ಮಗುವಿನಲ್ಲಿ ಧೈರ್ಯವು ಬೆಳೆಯುತ್ತದೆ. ಮೊಬೈಲನ್ನು ತೆಗೆಯದೆಯೇ ಇರಬೇಕಾಗಿಲ್ಲ. ತೆಗೆದುದನ್ನೂ ಮುಗಿದುದನ್ನೂ ಮಗುವಿಗೆ ಹೇಳಬಹುದು. ಅಡಗಿಹೋದ ವ್ಯವಹಾರವನ್ನು ಬಾಯಿಂದ ಹೊರಕ್ಕೆ ತರುವುದು ಅಷ್ಟೇನೂ ಕಷ್ಟವಲ್ಲ. 'ತಡಿಯವ್ವಾ, ಹಾಲಿನವರಿಗೆ ದುಡ್ಡು ಹಾಕ್ತಿದೀನಿ' ಎಂದು ತಂದೆಯು ಗಟ್ಟಿಯಾಗಿ ಹೇಳಿದರೆ, ಮಗುವು 'ಎಷ್ಟು?' ಎಂದು ಕೇಳುತ್ತದೆ. ಆ ಮೇಲೆ 'ಯಾಕೆ?' ಎಂದು ಕೇಳುತ್ತದೆ. ಆ ಮೇಲೆ ಹಾಲಿನವನ ಎಮ್ಮೆಯ ಬಣ್ಣವನ್ನು ಕೇಳುತ್ತದೆ.